ಕರಿಮಣಿ ಎಣಿಸಿದವರು

"ಚಿಕ್ಕಮ್ಮ, ಇನ್ನು ಹತ್ತು ನಿಮಿಷ ಕಾಯಿಸಿದ್ರೆ ನಾನು ಇಲ್ಲೇ ಮಾಡ್ಕೊಂಡ್‌ಬಿಡ್ತೀನಿ ಅಷ್ಟೆ."

ಅಕ್ಕನ ಮಗಳು ಕಾಲ ಮೇಲೆ ಕಾಲು ಬಿಗಿದುಕೊಂಡು ಕೂತಿದ್ದಳು. ಬ್ಯಾಗಿನಲ್ಲಿದ್ದ ಎರಡು ಬಾಟಲಿ ನೀರು ಖಾಲಿಯಾಗಿತ್ತು. ಸ್ಕ್ಯಾನಿಂಗ್ ಸೆಂಟರಿನ ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರಿನಿಂದ ತಲೆ ಎತ್ತದೆಯೇ, "ತಡ್ಕೊಳ್ಳೋಕೆ ಆಗ್ತಾನೇ ಇಲ್ಲ ಅನ್ನಿಸ್ಬೇಕು, ಆಗ ಬಂದು ಹೇಳಿ" ಅಂದಳು. ಅದಕ್ಕೂ ಮುಂಚೆ "ಮದುವೆ ಆಗಿದ್ಯಾ?" ಎಂದು ಕೇಳಿಯಾಗಿತ್ತು. ಹದಿನಾರರ ಹುಡುಗಿಗೆ ಈ ಪ್ರಶ್ನೆ ಯಾಕೆ ಎಂದು ನಮ್ಮ ಹುಡುಗಿ ಕಣ್ಣರಳಿಸಿದ್ದಳು. ಮದುವೆಯಾದವರಿಗೆ ಒಳಗಿನಿಂದ ಸ್ಕ್ಯಾನ್, ಆಗದವರಿಗೆ ಹೊಟ್ಟೆಯ ಮೇಲಿಂದ. ಹೊಟ್ಟೆಯ ಮೇಲಿಂದ ಅಂದರೆ ನೀರು ಕುಡಿಯಲೇಬೇಕು. ನಮ್ಮ ಕಡೆಯ ಲೆಕ್ಕ ಅದು.

ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ ಎಂಬ ಬೋರ್ಡು. ಅದರ ಕೆಳಗೆ ಏಳೆಂಟು ಬಸುರಿಯರು, ಕಿಡ್ನಿ ಕಲ್ಲಿನ ಒಬ್ಬ ಗಂಡಸು, ನಡುವೆ ಇವಳು. ಮೂರು ತಿಂಗಳಿಂದ ಮುಟ್ಟಾಗಿರಲಿಲ್ಲ. ಕೆನ್ನೆ ತುಂಬ ಮೊಡವೆ, ಗದ್ದದ ಕೆಳಗೆ ನಾಲ್ಕಾರು ಗಡುಸು ಕೂದಲು. "ಪಿಸಿಓಡಿ ಇರಬಹುದು, ಯಾವುದಕ್ಕೂ ಒಂದು ಸ್ಕ್ಯಾನ್ ಮಾಡಿಸಿಬಿಡಿ" ಎಂದು ಮನೆ ಹತ್ತಿರದ ಡಾಕ್ಟರು ಚೀಟಿ ಬರೆದಿದ್ದರು.

"ಈ ನೀರು ಕುಡಿಸೋ ಶಿಕ್ಷೆ ಯಾರು ಕಂಡುಹಿಡಿದಿದ್ದು?" ಎಂದು ಅವಳು ಹಲ್ಲು ಕಚ್ಚಿ ಕೇಳಿದಳು. ಕಂಡುಹಿಡಿದವರಿಗೆ ಒಂದು ಹೆಸರಿದೆ, ಊರೂ ಇದೆ. ಆದರೆ ಆ ಊರು ತಲುಪುವ ಮೊದಲು ಇನ್ನೊಂದು ಊರಿಗೆ ಹೋಗಬೇಕು. ಅಂಡಾಶಯವನ್ನು ನೋಡಬೇಕೆಂಬ ಹಟ ಹುಟ್ಟಿದ್ದು ಅಲ್ಲಿ.

ಶಿಕಾಗೊದ ಮೈಕೇಲ್ ರೀಸ್ ಆಸ್ಪತ್ರೆಯಲ್ಲಿ ಇರ್ವಿಂಗ್ ಸ್ಟೈನ್ ಎಂಬ ಸ್ತ್ರೀರೋಗ ತಜ್ಞರಿದ್ದರು. ಮುಟ್ಟು ನಿಂತ, ಮಕ್ಕಳಾಗದ ಕೆಲವು ಹೆಂಗಸರ ಹೊಟ್ಟೆ ತೆರೆದಾಗ ಎರಡೂ ಅಂಡಾಶಯಗಳು ಊದಿಕೊಂಡು, ಮೇಲ್ಮೈ ದಪ್ಪಗೆ ನುಣ್ಣಗೆ ಹೊಳೆಯುತ್ತಿರುವುದನ್ನು ಅವರು ಕಂಡಿದ್ದರು. ಇದನ್ನು ಕಂಡವರಲ್ಲಿ ಅವರೇ ಮೊದಲಿಗರೇನಲ್ಲ. 1721ರಲ್ಲೇ ಇಟಲಿಯ ಆಂಟೋನಿಯೊ ವಲಿಸ್ನೇರಿ, ಮಕ್ಕಳಿಲ್ಲದ, ತುಸು ದಪ್ಪಗಿದ್ದ ರೈತ ಹೆಂಗಸರ ಅಂಡಾಶಯ ಪಾರಿವಾಳದ ಮೊಟ್ಟೆಯ ಹಾಗೆ ಬೆಳ್ಳಗೆ ಉಬ್ಬುತಗ್ಗಾಗಿ ಇರುತ್ತದೆಂದು ಬರೆದಿಟ್ಟಿದ್ದ. ಸ್ಟೈನ್ ಮಾಡಿದ ಹೊಸ ಕೆಲಸ ಬೇರೆ. ಹೊಟ್ಟೆ ಕೊಯ್ಯುವ ಮೊದಲೇ ಅಂಡಾಶಯದ ಗಾತ್ರ ತಿಳಿಯಬೇಕು ಎಂದು ಅವರು ಪಟ್ಟು ಹಿಡಿದರು.

ಎಕ್ಸ್‌ರೇಯಲ್ಲಿ ಅಂಡಾಶಯ ಕಾಣುವುದಿಲ್ಲ. ಸುತ್ತಲಿನ ಕರುಳು, ಗರ್ಭಕೋಶ ಎಲ್ಲವೂ ಒಂದೇ ಬೂದಿ ಬಣ್ಣದಲ್ಲಿ ಕಲೆತುಹೋಗುತ್ತವೆ. ಸ್ಟೈನ್ ಸೂಜಿ ಚುಚ್ಚಿ ಹೊಟ್ಟೆಯೊಳಕ್ಕೆ ಅನಿಲ ತುಂಬಿದರು. ಆಮೇಲೆ ತಲೆ ತಗ್ಗಿಗೆ ಬರುವ ಹಾಗೆ ಮೇಜನ್ನು ವಾಲಿಸಿದರು. ಕರುಳು ಎದೆಯ ಕಡೆಗೆ ಜಾರಿತು, ಅನಿಲ ಕಿಬ್ಬೊಟ್ಟೆಗೆ ಏರಿತು. ಅನಿಲದ ಕಪ್ಪು ಹಿನ್ನೆಲೆಯಲ್ಲಿ ಗರ್ಭಕೋಶ ಮತ್ತು ಅಂಡಾಶಯಗಳ ನೆರಳು ಬಿಡಿಬಿಡಿಯಾಗಿ ಎಕ್ಸ್‌ರೇ ಹಾಳೆಯ ಮೇಲೆ ಮೂಡಿತು. ಈ ಹೆಂಗಸರಲ್ಲಿ ಅಂಡಾಶಯದ ನೆರಳು ಗರ್ಭಕೋಶದ ನೆರಳಿಗೇ ಸವಾಲು ಹಾಕುವಷ್ಟು ದೊಡ್ಡದಾಗಿತ್ತು. ಹೊಟ್ಟೆಗೆ ಗಾಳಿ ತುಂಬಿ ತಲೆ ತಗ್ಗಿಸಿ ಮಲಗಿದವರ ಪಾಡನ್ನು ನೆನೆದರೆ ನಮ್ಮ ಎರಡು ಬಾಟಲಿ ನೀರು ಪಾಯಸ.

1935ರಲ್ಲಿ ಸ್ಟೈನ್ ತಮ್ಮ ಸಹೋದ್ಯೋಗಿ ಮೈಕೇಲ್ ಲೆವೆಂಥಾಲ್ ಜತೆಗೂಡಿ ಏಳು ಹೆಂಗಸರ ಕತೆಯನ್ನು ಪ್ರಕಟಿಸಿದರು. ಎರಡೂ ಅಂಡಾಶಯಗಳಿಂದ ಹಲಸಿನ ಹಣ್ಣಿನ ಹೋಳು ತೆಗೆದ ಹಾಗೆ ಒಂದು ದೊಡ್ಡ ತುಂಡು ಕೊಯ್ದು ತೆಗೆದು ಹೊಲಿದಿದ್ದರು. ಏಳೂ ಜನರಿಗೆ ಮುಟ್ಟು ಮರಳಿತು, ಇಬ್ಬರು ಬಸುರಿಯಾದರು. ಮುಂದೆ ಎಷ್ಟೋ ವರ್ಷ ಈ ಕಾಯಿಲೆಯನ್ನು ಅವರಿಬ್ಬರ ಹೆಸರಿನಿಂದಲೇ ಕರೆದರು.

ಆ ಲೇಖನದ ತಲೆಬರಹದಲ್ಲಿ 'ಪಾಲಿಸಿಸ್ಟಿಕ್' ಎಂಬ ಪದವಿತ್ತು. ಹಲವು ಸಿಸ್ಟುಗಳುಳ್ಳದ್ದು, ಹಲವು ನೀರುಗುಳ್ಳೆಗಳುಳ್ಳದ್ದು. ಪಿಸಿಓಡಿಯ 'ಪಿಸಿ' ಇದೇ. ನನ್ನ ಮಟ್ಟಿಗೆ ಈ ಕತೆಯ ಖಳನಾಯಕ ಯಾರಾದರೂ ಇದ್ದರೆ ಅದು ಈ ಪದ. ಅವು ನೀರುಗುಳ್ಳೆಗಳಲ್ಲ. ಪ್ರತಿಯೊಂದರ ಒಳಗೂ ಒಂದು ಪುಟ್ಟ ಅಂಡವಿದೆ. ಅಂಡಾಶಯದಲ್ಲಿ ತಿಂಗಳು ತಿಂಗಳೂ ಕೆಲವು ಅಂಡಕೋಶಿಕೆಗಳು, ಡಾಕ್ಟರ ಮಾತಿನಲ್ಲಿ ಫಾಲಿಕಲ್‌ಗಳು, ಬೆಳೆಯಲು ಹೊರಡುತ್ತವೆ. ಅವುಗಳಲ್ಲಿ ಒಂದು ಮಾತ್ರ ಮುಂದೆ ಹೋಗಿ ಸುಮಾರು 20 ಮಿಲಿಮೀಟರ್‌ವರೆಗೆ ಹಿಗ್ಗಿ ಒಡೆದು ಅಂಡವನ್ನು ಹೊರಬಿಡುತ್ತದೆ, ಉಳಿದವು ಮುದುಡುತ್ತವೆ. ಹಾರ್ಮೋನುಗಳ ಲೆಕ್ಕ ತಪ್ಪಿದಾಗ ಮುಂದೆ ಹೋಗುವ ಆ ಒಂದು ಹೊರಡುವುದೇ ಇಲ್ಲ. ಹಲವಾರು ಕೋಶಿಕೆಗಳು ಅರ್ಧ ದಾರಿಯಲ್ಲೇ, ರಾಗಿ ಕಾಳಿನಿಂದ ಹಿಡಿದು ಬಟಾಣಿ ಗಾತ್ರದವರೆಗೆ, ನಿಂತುಬಿಡುತ್ತವೆ. ಬಸ್ಸು ಬಾರದೆ ಸ್ಟ್ಯಾಂಡಿನಲ್ಲಿ ಜನ ಸೇರಿದ ಹಾಗೆ. ಸ್ಟ್ಯಾಂಡಿನಲ್ಲಿ ನಿಂತ ಜನರನ್ನೇ ಕಾಯಿಲೆ ಎಂದು ಕರೆದದ್ದು 1935ರ ತಪ್ಪು. ಇಂದಿಗೂ ರಿಪೋರ್ಟು ಓದಿದ ಅಮ್ಮಂದಿರು "ಡಾಕ್ಟ್ರೇ, ಆ ಗುಳ್ಳೆ ಆಪರೇಷನ್ ಮಾಡಿ ತೆಗೀಬೇಕಾ?" ಎಂದು ಕೇಳುತ್ತಾರೆ. ಅವರ ತಪ್ಪಲ್ಲ. ಹೆಸರೇ ಹಾಗಿದೆ.

ಈಗ ಗ್ಲಾಸ್ಗೋಗೆ ಬರೋಣ. 1954ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಪ್ರಸೂತಿಶಾಸ್ತ್ರದ ಪ್ರೊಫೆಸರಾಗಿ ಬಂದ ಇಯಾನ್ ಡೊನಾಲ್ಡ್‌ಗೆ ಯಂತ್ರಗಳ ಹುಚ್ಚು. ಯುದ್ಧಕಾಲದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿದ್ದವರು, ರೇಡಾರ್, ಸೋನಾರ್ ಎಂದರೇನು ಎಂದು ಬಲ್ಲವರು. ಸಮುದ್ರದ ಆಳಕ್ಕೆ ಶಬ್ದ ಕಳಿಸಿ ಮರುದನಿಯಿಂದ ಜಲಾಂತರ್ಗಾಮಿ ಎಲ್ಲಿದೆಯೆಂದು ತಿಳಿಯುವುದಾದರೆ, ಹೊಟ್ಟೆಯೊಳಗಿನ ಗಡ್ಡೆಯನ್ನು ಯಾಕೆ ತಿಳಿಯಬಾರದು? ಗ್ಲಾಸ್ಗೋ ಹಡಗು ಕಟ್ಟುವ, ಉಕ್ಕು ಬೆಸೆಯುವ ಊರು. ಅಲ್ಲಿನ ಕಾರ್ಖಾನೆಗಳಲ್ಲಿ ಉಕ್ಕಿನ ಬೆಸುಗೆಯೊಳಗೆ ಕಣ್ಣಿಗೆ ಕಾಣದ ಬಿರುಕಿದೆಯೇ ಎಂದು ಶ್ರವಣಾತೀತ ಶಬ್ದದಿಂದ ಪರೀಕ್ಷಿಸುವ ಯಂತ್ರಗಳಿದ್ದವು. ಬಾಯ್ಲರ್ ತಯಾರಿಸುತ್ತಿದ್ದ ಬಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಕಂಪನಿಯ ನಿರ್ದೇಶಕರೊಬ್ಬರ ಹೆಂಡತಿ ಡೊನಾಲ್ಡರ ರೋಗಿ. ಆ ಪರಿಚಯವೇ ಕಾರ್ಖಾನೆಯ ಬಾಗಿಲು ತೆರೆಸಿತು.

1955ರ ಜುಲೈ 21. ಡೊನಾಲ್ಡ್ ಎರಡು ಕಾರುಗಳ ಡಿಕ್ಕಿ ತುಂಬ ಆಗಷ್ಟೇ ಆಪರೇಷನ್ನಿನಲ್ಲಿ ತೆಗೆದ ಗಡ್ಡೆಗಳನ್ನು ಹೇರಿಕೊಂಡು ರೆನ್‌ಫ್ರೂನಲ್ಲಿದ್ದ ಆ ಕಾರ್ಖಾನೆಗೆ ಹೋದರು. ಗರ್ಭಕೋಶದ ಫೈಬ್ರಾಯ್ಡುಗಳು, ಅಂಡಾಶಯದ ನೀರುಗಂಟುಗಳು. ಹೋಲಿಸಿ ನೋಡಲು ಬೇಕಲ್ಲ ಎಂದು ಕಾರ್ಖಾನೆಯವರು ಒಂದು ದೊಡ್ಡ ದನದ ಮಾಂಸದ ತುಂಡನ್ನು ಒದಗಿಸಿದ್ದರು. ಉಕ್ಕು ಬೆಸೆಯುವವರ ನಡುವೆ ನಿಂತು ಪ್ರೊಫೆಸರರು ಒಂದೊಂದೇ ಗಡ್ಡೆಯ ಮೇಲೆ ಯಂತ್ರದ ತುದಿಯನ್ನು ಒತ್ತಿದರು. ಪರದೆಯ ಮೇಲೆ ಚಿತ್ರವೇನೂ ಇಲ್ಲ, ಏರಿಳಿಯುವ ಗೆರೆ ಮಾತ್ರ. ಆದರೆ ನೀರುಗಂಟಿಗೂ ಗಟ್ಟಿ ಗಡ್ಡೆಗೂ ವ್ಯತ್ಯಾಸ ಕಣ್ಣಿಗೆ ರಾಚುವಂತಿತ್ತು. ನೀರುಗಂಟಿನಲ್ಲಿ ಎದುರು ಗೋಡೆಯಿಂದ ಒಂದು ಮರುದನಿ, ಹಿಂದಿನ ಗೋಡೆಯಿಂದ ಇನ್ನೊಂದು, ನಡುವೆ ನಿಶ್ಶಬ್ದ. ಗಟ್ಟಿ ಗಡ್ಡೆಯಲ್ಲಿ ಶಬ್ದ ಒಳಹೋಗುತ್ತಾ ಹೋಗುತ್ತಾ ಸೊರಗಿಹೋಗುತ್ತಿತ್ತು.

ಆ ನಡುವಿನ ನಿಶ್ಶಬ್ದವೇ ನಮ್ಮ ಕತೆಯ ಬೀಜ. ಇವತ್ತು ಸ್ಕ್ಯಾನ್ ಪರದೆಯ ಮೇಲೆ ಅಂಡಕೋಶಿಕೆ ಕಪ್ಪಗೆ ಕಾಣುವುದು ಅದಕ್ಕೇ. ಕೋಶಿಕೆಯೊಳಗಿರುವುದು ದ್ರವ, ದ್ರವದೊಳಗೆ ಶಬ್ದಕ್ಕೆ ತಡೆಯಿಲ್ಲ, ತಡೆಯಿಲ್ಲದೆಡೆ ಮರುದನಿಯಿಲ್ಲ, ಮರುದನಿ ಬಾರದ ಜಾಗವನ್ನು ಯಂತ್ರ ಕಪ್ಪಾಗಿ ಬರೆಯುತ್ತದೆ.

ಆಸ್ಪತ್ರೆಗೆ ಬಂದ ಮೊದಲ ಯಂತ್ರ ಹಳೆಯದು, ಅರೆಬರೆ ಕೆಲಸದ್ದು. ಯಾರೋ ಪ್ರೊಫೆಸರು ಲೋಹ ಪರೀಕ್ಷಿಸುವ ಯಂತ್ರವನ್ನು ಹೆಂಗಸರ ಹೊಟ್ಟೆಗೆ ಹಿಡಿಯುತ್ತಿದ್ದಾರಂತೆ ಎಂಬ ಸುದ್ದಿ ಕೆಲ್ವಿನ್ ಅಂಡ್ ಹ್ಯೂಸ್ ಕಂಪನಿಯ ತರುಣ ಎಂಜಿನಿಯರ್ ಟಾಮ್ ಬ್ರೌನ್ ಕಿವಿಗೆ ಬಿತ್ತು. ಆ ಯಂತ್ರ ತಯಾರಿಸುತ್ತಿದ್ದದ್ದೇ ಅವರ ಕಂಪನಿ. ಬ್ರೌನ್ ಟೆಲಿಫೋನ್ ಪುಸ್ತಕದಲ್ಲಿ ಡೊನಾಲ್ಡರ ನಂಬರು ಹುಡುಕಿ ನೇರ ಫೋನು ಮಾಡಿದರು. ಹೋಗಿ ನೋಡಿ, ಹೊಸ ಯಂತ್ರ ಕೊಡಿಸಿದರು. ಅಷ್ಟಕ್ಕೇ ಬಿಡದೆ, ಗೆರೆಯ ಬದಲು ಅಡ್ಡಕೊಯ್ತದ ಚಿತ್ರ ಮೂಡಿಸುವ ಯಂತ್ರವನ್ನೇ ಕಟ್ಟಲು ಕೂತರು. ಆಸ್ಪತ್ರೆಯಲ್ಲಿ ರೋಗಿಗೆ ಊಟ ಇಡುವ ಮಂಚದ ಮೇಜೊಂದನ್ನು ಎರವಲು ಪಡೆದು ಅದರ ಮೇಲೆ ಕಟ್ಟಿದ್ದರಿಂದ ಆ ಯಂತ್ರಕ್ಕೆ 'ಬೆಡ್ ಟೇಬಲ್ ಸ್ಕ್ಯಾನರ್' ಎಂದೇ ಹೆಸರು. ಚರ್ಮಕ್ಕೂ ಯಂತ್ರಕ್ಕೂ ನಡುವೆ ಗಾಳಿ ಇರಬಾರದಲ್ಲ, ಅದಕ್ಕೆ ಆಲಿವ್ ಎಣ್ಣೆ ಸವರುತ್ತಿದ್ದರು. ನಮ್ಮ ಹುಡುಗಿಯ ಹೊಟ್ಟೆಗೆ ಸುರಿದ ತಣ್ಣನೆಯ ಜೆಲ್ ಆ ಎಣ್ಣೆಯ ಮೊಮ್ಮಗು.

ಗ್ಲಾಸ್ಗೋದಲ್ಲಿ ಮೊದಮೊದಲು ನಕ್ಕವರೇ ಹೆಚ್ಚು. ಹೊಟ್ಟೆ ಊದಿಕೊಂಡು, ವಾಸಿಯಾಗದ ಜಠರದ ಕ್ಯಾನ್ಸರ್ ಎಂದು ಕೈಬಿಟ್ಟಿದ್ದ ಹೆಂಗಸೊಬ್ಬಳ ಹೊಟ್ಟೆಯ ಮೇಲೆ ಯಂತ್ರ ಇಟ್ಟ ದಿನದಿಂದ ನಗು ನಿಂತಿತು. ಅದು ಕ್ಯಾನ್ಸರಿನ ನೀರಲ್ಲ, ಗೋಡೆಯುಳ್ಳ ಒಂದು ಭಾರಿ ನೀರುಗಂಟು ಎಂದು ಮರುದನಿ ಹೇಳಿತು. ಆಪರೇಷನ್ ಮಾಡಿ ತೆಗೆದರು, ಅವಳು ಬದುಕಿದಳು. 1958ರ ಜೂನ್ 7ರ 'ಲ್ಯಾನ್ಸೆಟ್' ಸಂಚಿಕೆಯಲ್ಲಿ ಡೊನಾಲ್ಡ್, ಜಾನ್ ಮ್ಯಾಕ್‌ವಿಕಾರ್, ಟಾಮ್ ಬ್ರೌನ್ ಮೂವರ ಹೆಸರಿನಲ್ಲಿ ಲೇಖನ ಬಂತು. ಸ್ತ್ರೀರೋಗ ಶಾಸ್ತ್ರದಲ್ಲಿ ಸ್ಕ್ಯಾನಿಂಗಿನ ಲೆಕ್ಕ ಶುರುವಾಗುವುದು ಅಲ್ಲಿಂದ.

ಆದರೆ ಈ ಯಂತ್ರ ದೊಡ್ಡದನ್ನು ಕಾಣುತ್ತಿತ್ತು, ಚಿಕ್ಕದನ್ನಲ್ಲ. ಹೊಕ್ಕುಳ ಮುಟ್ಟುವ ಗಡ್ಡೆ ಕಾಣುತ್ತದೆ. ಕಿಬ್ಬೊಟ್ಟೆಯ ತಳದಲ್ಲಿ, ಕರುಳಿನ ಹಿಂದೆ ಅವಿತ ಬಾದಾಮಿಯಷ್ಟು ಅಂಡಾಶಯ? ಕರುಳಿನಲ್ಲಿ ಗಾಳಿ ತುಂಬಿರುತ್ತದೆ. ಮಾಂಸದಿಂದ ಗಾಳಿಗೆ ತಾಗಿದ ಶ್ರವಣಾತೀತ ಶಬ್ದ ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಕ್ಕೆ ಪುಟಿಯುತ್ತದೆ, ಅದರಾಚೆ ಕುರುಡು. 1963ರಲ್ಲಿ ಡೊನಾಲ್ಡ್‌ಗೆ ಹೊಳೆದದ್ದು ಸರಳ ಉಪಾಯ. ಮೂತ್ರಕೋಶ ತುಂಬಿದ್ದರೆ ಅದು ಉಬ್ಬಿ ಕರುಳನ್ನು ಮೇಲಕ್ಕೆ ತಳ್ಳುತ್ತದೆ. ತುಂಬಿದ ಮೂತ್ರಕೋಶವೆಂದರೆ ನೀರಿನ ಚೀಲ, ಶಬ್ದಕ್ಕೆ ನೀರು ರಾಜಮಾರ್ಗ. ಆ ಕಿಟಕಿಯಿಂದ ಗರ್ಭಕೋಶ, ಅದರೊಳಗಿನ ಎಳೆಯ ಬಸುರು, ಅಕ್ಕಪಕ್ಕದ ಅಂಡಾಶಯಗಳು ಕಾಣತೊಡಗಿದವು. ಶಿಕಾಗೊದಲ್ಲಿ ನೋಡಲೆಂದು ಗಾಳಿ ತುಂಬಿದರು, ಗ್ಲಾಸ್ಗೋದಲ್ಲಿ ಗಾಳಿಯನ್ನು ಓಡಿಸಲು ನೀರು ತುಂಬಿದರು. ಎರಡೂ ಕಡೆ ಮಾಡಿದ್ದು ಒಂದೇ, ಕರುಳನ್ನು ಅತ್ತ ಸರಿಸಿದ್ದು. ಅಂತೂ ನನ್ನ ಅಕ್ಕನ ಮಗಳ ಪ್ರಶ್ನೆಗೆ ಉತ್ತರ ಇಯಾನ್ ಡೊನಾಲ್ಡ್.

ಇಷ್ಟಾದರೂ ಪಾಲಿಸಿಸ್ಟಿಕ್ ಅಂಡಾಶಯದ ಕಡೆ ಯಂತ್ರ ತಿರುಗಲು ಇನ್ನೂ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಒಂದು ಕಾರಣ ಚಿತ್ರದ್ದು. ಆಗಿನ ಚಿತ್ರ ಬರೀ ಕಪ್ಪು ಬಿಳುಪು, ಮರುದನಿ ಇದ್ದರೆ ಚುಕ್ಕೆ, ಇಲ್ಲದಿದ್ದರೆ ಇಲ್ಲ. ಮಂದ ಮರುದನಿಗೆ ಮಂದ ಬೂದು, ಜೋರಿಗೆ ಬಿಳುಪು ಎಂದು ಬಣ್ಣದ ಮೆಟ್ಟಿಲು ಕೊಟ್ಟದ್ದು 1970ರ ಆಸುಪಾಸಿನಲ್ಲಿ ಆಸ್ಟ್ರೇಲಿಯದ ಜಾರ್ಜ್ ಕೋಸೊಫ್ ಮತ್ತವರ ಸಂಗಡಿಗರು. ಅಂಡಾಶಯದ ತಿರುಳು ಒಂದು ಬೂದು, ಕೋಶಿಕೆ ಕಪ್ಪು ಎಂದು ಬೇರ್ಪಟ್ಟದ್ದು ಅದರಿಂದ. ಇನ್ನೊಂದು ಕಾರಣ ಚಿಕಿತ್ಸೆಯದು. 1961ರಲ್ಲಿ ಅಮೆರಿಕದ ರಾಬರ್ಟ್ ಗ್ರೀನ್‌ಬ್ಲಾಟ್ ಕ್ಲೋಮಿಫೀನ್ ಮಾತ್ರೆಯಿಂದ ಅಂಡ ಬಿಡಿಸಬಹುದೆಂದು ತೋರಿಸಿದ ಮೇಲೆ ಅಂಡಾಶಯ ಕೊಯ್ಯುವುದು ಕಡಿಮೆಯಾಯಿತು. ಕೊಯ್ಯದಿದ್ದರೆ ನೋಡುವುದೂ ಇಲ್ಲ. ರಕ್ತದಲ್ಲಿ ಹಾರ್ಮೋನು ಅಳೆಯುವ ವಿಧಾನಗಳು ಬಂದು, ಈ ಕಾಯಿಲೆಯ ಹೆಸರಿನಲ್ಲಿ ಅಂಡಾಶಯವಿದ್ದರೂ ಡಾಕ್ಟರು ಅಂಡಾಶಯವನ್ನು ಕಾಣದೆಯೇ ಕಾಯಿಲೆಯ ಹೆಸರು ಬರೆಯುವ ಕಾಲ ಬಂತು.

1981ರಲ್ಲಿ ಕೆನಡದ ವ್ಯಾಂಕೂವರಿನಿಂದ ಸ್ವಾನ್ಸನ್, ಸಾವರ್‌ಬ್ರೇ, ಕೂಪರ್‌ಬರ್ಗ್ ಎಂಬ ಮೂವರು ನಾಲ್ಕು ಪುಟಗಳ ಲೇಖನ ಬರೆದರು. ಹೊಸ ಯಂತ್ರಗಳು ಚಲಿಸುವ ಚಿತ್ರವನ್ನು ಆ ಕ್ಷಣಕ್ಕೇ ತೋರಿಸುತ್ತಿದ್ದವು. ಅವುಗಳಲ್ಲಿ ಅವರು 2ರಿಂದ 6 ಮಿಲಿಮೀಟರಿನ ಪುಟ್ಟ ಕೋಶಿಕೆಗಳನ್ನು ಬಿಡಿಬಿಡಿಯಾಗಿ ಕಂಡರು. ಹೊಟ್ಟೆ ಕೊಯ್ಯದೆ, ಗಾಳಿ ತುಂಬದೆ, ಸ್ಟೈನ್ ಕಂಡದ್ದಕ್ಕಿಂತ ಹೆಚ್ಚನ್ನು. ಸ್ಟೈನ್‌ಗೆ ಎಕ್ಸ್‌ರೇಯಲ್ಲಿ ಸಿಕ್ಕಿದ್ದು ಹೊರಗಿನ ನೆರಳು, ಇವರಿಗೆ ಒಳಗಿನ ಮನೆ.

ಮನೆಯೊಳಗೆ ಹೊಕ್ಕವರು ಸುಮ್ಮನಿರುತ್ತಾರೆಯೇ, ಎಣಿಸತೊಡಗಿದರು.

ಎಣಿಕೆಗೆ ಮೊದಲ ನಿಯಮ ಬರೆದವರು ಲಂಡನ್ನಿನ ಜುಡಿತ್ ಆ್ಯಡಮ್ಸ್, ಸ್ಟೀಫನ್ ಫ್ರಾಂಕ್ಸ್ ಮತ್ತವರ ಜತೆಗಾರರು, 1985ರಲ್ಲಿ. ಆ ಲೇಖನ ನಿಜವಾಗಿ ಬೇರೊಂದು ಗೊಂದಲ ಬಿಡಿಸಲು ಬರೆದದ್ದು. ತೂಕ ವಿಪರೀತ ಇಳಿಸಿಕೊಂಡು ಮುಟ್ಟು ನಿಂತ ಹುಡುಗಿಯರಲ್ಲೂ ಅಂಡಾಶಯದಲ್ಲಿ ಹಲವು ಕೋಶಿಕೆಗಳು ಕಾಣುತ್ತಿದ್ದವು. ಹಾಗಾದರೆ ಅದೂ ಇದೂ ಒಂದೇ? ಅಲ್ಲ ಎಂದರು ಅವರು. ತೂಕ ಇಳಿದವರಲ್ಲಿ ಕೋಶಿಕೆಗಳು ಅಂಡಾಶಯದ ತುಂಬ ಚದುರಿರುತ್ತವೆ, ನಡುವಿನ ತಿರುಳು ಹೆಚ್ಚಿರುವುದಿಲ್ಲ. ಮಿದುಳಿನಿಂದ ಬರಬೇಕಾದ ಹಾರ್ಮೋನನ್ನು ಮಿಡಿತ ಮಿಡಿತವಾಗಿ ಕೊಟ್ಟರೆ ಆ ಅಂಡಾಶಯ ಎದ್ದು ಕೆಲಸ ಶುರುಮಾಡುತ್ತದೆ. ಪಾಲಿಸಿಸ್ಟಿಕ್ ಅಂಡಾಶಯದಲ್ಲಾದರೋ ನಡುವೆ ದಪ್ಪನೆಯ ಬೆಳ್ಳಗಿನ ತಿರುಳು, ಅದರ ಸುತ್ತ ಅಂಚಿಗೆ ಒತ್ತಿದಂತೆ 2ರಿಂದ 8 ಮಿಲಿಮೀಟರಿನ ಹತ್ತು ಅಥವಾ ಹೆಚ್ಚು ಕೋಶಿಕೆಗಳ ಸಾಲು. ಒಂದೇ ಅಡ್ಡಕೊಯ್ತದಲ್ಲಿ ಹತ್ತು.

ಇಂಗ್ಲಿಷಿನವರು ಅದನ್ನು ಮುತ್ತಿನ ಸರ ಎಂದರು. ಅವರ ಕಣ್ಣಿಗೆ ಹೇಗೆ ಮುತ್ತಾಯಿತೋ ತಿಳಿಯದು. ಪರದೆಯ ಮೇಲೆ ಅವು ಕಪ್ಪು. ನನಗೆ ಕಂಡದ್ದು ಕರಿಮಣಿ ಸರ. ಬಾಗಿಲಲ್ಲೇ "ಮದುವೆ ಆಗಿದ್ಯಾ?" ಎಂದು ಕೇಳಿ ಒಳಗೆ ಬಿಟ್ಟ ಕೋಣೆಯಲ್ಲಿ ಹದಿನಾರರ ಹುಡುಗಿಯ ಹೊಟ್ಟೆಯೊಳಗೆ ಕರಿಮಣಿ ಎಣಿಸುತ್ತಿದ್ದರು ಎಂಬುದು ಆಮೇಲೆ ನೆನೆದಾಗ ಸ್ವಲ್ಪ ನಗು ತರಿಸಿತು.

ಮರುವರ್ಷ ಅದೇ ಲಂಡನ್ ತಂಡ ಇನ್ನೊಂದು ಲೆಕ್ಕ ಕೊಟ್ಟಿತು. ಮುಟ್ಟು ಅಪರೂಪಕ್ಕೆ ಬರುವ ಹೆಂಗಸರಲ್ಲಿ ನೂರಕ್ಕೆ 87 ಮಂದಿಗೆ, ಕಾರಣ ತಿಳಿಯದೆ ಮುಖದ ಮೇಲೆ ಕೂದಲು ಬೆಳೆದವರಲ್ಲಿ ನೂರಕ್ಕೆ 92 ಮಂದಿಗೆ ಈ ಅಂಡಾಶಯ. ಅಲ್ಲಿಯವರೆಗೆ ಅಪರೂಪ ಎಂದುಕೊಂಡಿದ್ದ ಕಾಯಿಲೆ ರಾತ್ರೋರಾತ್ರಿ ಮನೆಮನೆಯ ಕಾಯಿಲೆಯಾಯಿತು. ಯಂತ್ರ ಗೆದ್ದಿತು ಎನ್ನುವಷ್ಟರಲ್ಲಿ 1988ರಲ್ಲಿ ಅದೇ ತಂಡದವರು ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಂಡರು. ಈ ಕತೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಘಟ್ಟ ಇದು. ಯಾವ ದೂರೂ ಇಲ್ಲದೆ ತಾವಾಗಿ ಬಂದ 257 ಹೆಂಗಸರಿಗೆ ಅವರು ಸ್ಕ್ಯಾನ್ ಮಾಡಿದರು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಅದೇ ಸರ! ತಿಂಗಳು ತಿಂಗಳೂ ಸರಿಯಾಗಿ ಮುಟ್ಟಾಗುವವರಲ್ಲೂ.

ಹಾಗಾದರೆ ಆ ಚಿತ್ರ ಕಾಯಿಲೆಯ ಗುರುತೋ, ಮೂಗಿನ ಆಕಾರದ ಹಾಗೆ ಬರೀ ಒಂದು ಬಗೆಯೋ?

ಇಲ್ಲಿ ಅಟ್ಲಾಂಟಿಕ್ ಸಾಗರದ ಎರಡು ದಡದವರು ಬೇರೆ ಬೇರೆ ದಾರಿ ಹಿಡಿದರು. 1990ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಭೆ ಸೇರಿದವರು ಸ್ಕ್ಯಾನನ್ನು ಪಕ್ಕಕ್ಕಿಟ್ಟರು. ಮುಟ್ಟಿನ ಏರುಪೇರು ಮತ್ತು ಗಂಡು ಹಾರ್ಮೋನಿನ ಹೆಚ್ಚಳ ಎರಡೂ ಇರಬೇಕು, ಬೇರೆ ಕಾಯಿಲೆ ಇರಬಾರದು, ಅಷ್ಟೆ. ಬ್ರಿಟನ್ನಿನವರು ಸ್ಕ್ಯಾನನ್ನು ಬಿಡಲಿಲ್ಲ. ಒಬ್ಬಳೇ ಹೆಂಗಸು ಲಂಡನ್ನಿನಲ್ಲಿ ರೋಗಿ, ವಾಷಿಂಗ್ಟನ್ನಿನಲ್ಲಿ ಅಲ್ಲ ಎನ್ನುವಂತಾಯಿತು. 2003ರ ಮೇ ತಿಂಗಳಲ್ಲಿ ರಾಟರ್‌ಡ್ಯಾಮಿನಲ್ಲಿ ಎರಡು ಖಂಡಗಳ ತಜ್ಞರು ಕೂತು ರಾಜಿ ಮಾಡಿಕೊಂಡರು. ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಹೆಚ್ಚಳ, ಸ್ಕ್ಯಾನಿನ ಚಿತ್ರ, ಈ ಮೂರರಲ್ಲಿ ಯಾವುದಾದರೂ ಎರಡು ಇದ್ದರೆ ಸಾಕು. ಮೂರು ಕಾಲಿನ ಸ್ಟೂಲಿಗೆ ಎರಡು ಕಾಲು ಸಾಕೆಂದ ಹಾಗೆ ಎಂದು ಆಗಲೇ ಗೊಣಗಿದವರಿದ್ದರು.

ರಾಟರ್‌ಡ್ಯಾಮಿನಲ್ಲಿ ಎಣಿಕೆಯೂ ಬದಲಾಯಿತು. ಒಂದು ಅಡ್ಡಕೊಯ್ತದಲ್ಲಿ ಹತ್ತು ಎಂಬುದು ಹೋಗಿ ಇಡೀ ಅಂಡಾಶಯದಲ್ಲಿ 2ರಿಂದ 9 ಮಿಲಿಮೀಟರಿನ ಹನ್ನೆರಡು ಎಂದಾಯಿತು. ಇಲ್ಲವೇ ಅಂಡಾಶಯದ ಗಾತ್ರ 10 ಮಿಲಿಲೀಟರಿಗಿಂತ ಹೆಚ್ಚು. ಉದ್ದ, ಅಗಲ, ದಪ್ಪ ಅಳೆದು ಗುಣಿಸಿ ಅರ್ಧ ಮಾಡಿದರೆ ಸಿಗುವ ಲೆಕ್ಕ. ಹನ್ನೆರಡು ಎಲ್ಲಿಂದ ಬಂತು? ಫ್ರಾನ್ಸಿನ ಲೀಲ್ ನಗರದ ಡಿಡಿಯೆ ಡೆವಾಯಿ ಅವರ ತಂಡ ಕಾಯಿಲೆಯಿದ್ದ 214 ಮಂದಿಯನ್ನೂ ಇಲ್ಲದ 112 ಮಂದಿಯನ್ನೂ ಹೋಲಿಸಿತ್ತು. ಹನ್ನೆರಡಕ್ಕೆ ಗೆರೆ ಎಳೆದರೆ ಕಾಯಿಲೆಯಿಲ್ಲದ ನೂರರಲ್ಲಿ 99 ಮಂದಿ ಗೆರೆಯ ಹೊರಗುಳಿಯುತ್ತಾರೆ, ಕಾಯಿಲೆಯಿದ್ದ ನೂರರಲ್ಲಿ 75 ಮಂದಿ ಒಳಗೆ ಸಿಗುತ್ತಾರೆ. ಆ ಕಾಲದ ಯಂತ್ರಕ್ಕೆ ಅದು ಒಳ್ಳೆಯ ಗೆರೆಯೇ.

'ಆ ಕಾಲದ ಯಂತ್ರಕ್ಕೆ' ಎನ್ನುವುದರಲ್ಲೇ ಪೇಚಾಟವಿದೆ. ಶಬ್ದದ ಕಂಪನ ಹೆಚ್ಚಿದಷ್ಟೂ ಅಲೆ ಕಿರಿದಾಗುತ್ತದೆ, ಕಿರಿಯ ಅಲೆ ಕಿರಿಯ ವಸ್ತುವನ್ನು ಕಾಣುತ್ತದೆ. ಆದರೆ ಕಿರಿಯ ಅಲೆ ಆಳಕ್ಕೆ ಇಳಿಯದೆ ದಾರಿಯಲ್ಲೇ ಬಳಲುತ್ತದೆ. ಹೊಟ್ಟೆಯ ಮೇಲಿಂದ ನೋಡಲು 3.5 ಮೆಗಾಹರ್ಟ್ಸ್ ಆಸುಪಾಸಿನ ಶಬ್ದವಾದರೆ ಅಲೆಯ ಉದ್ದ ಹತ್ತಿರಹತ್ತಿರ ಅರ್ಧ ಮಿಲಿಮೀಟರು. 1980ರ ದಶಕದಲ್ಲಿ ಯೋನಿಯೊಳಗಿನಿಂದ ನೋಡುವ ಸಪೂರ ಪ್ರೋಬ್ ಬಳಕೆಗೆ ಬಂತು. ಅಲ್ಲಿಂದ ಅಂಡಾಶಯ ಕೈಗೆಟುಕುವಷ್ಟು ಹತ್ತಿರ. ನೀರು ಕುಡಿಯುವ ಕೆಲಸವಿಲ್ಲ, ಮೂತ್ರಕೋಶ ಖಾಲಿ ಇದ್ದರೇ ಒಳ್ಳೆಯದು. ಎಂಟು ಮೆಗಾಹರ್ಟ್ಸ್‌ನ ಶಬ್ದ ಬಳಸಬಹುದು, ಅಲೆಯ ಉದ್ದ ಮಿಲಿಮೀಟರಿನ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆಗ 2 ಮಿಲಿಮೀಟರಿನ ಕೋಶಿಕೆಯೂ ದುಂಡಗೆ ಎದ್ದು ಕಾಣುತ್ತದೆ. ಅದೇ ಅಂಡಾಶಯ, ಹೊಸ ಯಂತ್ರದಲ್ಲಿ ನೋಡಿದರೆ ಎಣಿಕೆ ಹೆಚ್ಚು. ಹನ್ನೆರಡರ ಗೆರೆಯನ್ನೇ ಹಿಡಿದಿದ್ದರೆ ಊರಿಗೆ ಊರೇ ರೋಗಿಗಳಾಗುತ್ತಿದ್ದರು.

ಹಾಗಾಗಿ ಗೆರೆ ಜಾರುತ್ತಾ ಹೋಯಿತು. 2014ರಲ್ಲಿ ಡೆವಾಯಿ ಅವರೇ ಮುಂದಾಳಾಗಿದ್ದ ತಜ್ಞರ ಗುಂಪು 25 ಎಂದಿತು, ಹನ್ನೆರಡನ್ನು ಕೊಟ್ಟವರೇ! 2018ರಲ್ಲಿ ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ ಹೆಲೆನಾ ಟೀಡ್ ನೇತೃತ್ವದಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ 20 ಎಂದು ನಿಲ್ಲಿಸಿತು, ಅದೂ ಹೊಸ ಪ್ರೋಬ್ ಇದ್ದರೆ ಮಾತ್ರ. ಹೊಟ್ಟೆಯ ಮೇಲಿಂದ ನೋಡುವುದಾದರೆ ಎಣಿಕೆ ನೆಚ್ಚಬೇಡಿ, ಗಾತ್ರ ನೋಡಿ ಎಂದಿತು. ಮುಟ್ಟಿನ ಏರುಪೇರೂ ಗಂಡು ಹಾರ್ಮೋನಿನ ಹೆಚ್ಚಳವೂ ಇರುವವರಿಗೆ ರೋಗ ಹೆಸರಿಸಲು ಸ್ಕ್ಯಾನ್ ಬೇಕಿಲ್ಲ ಎಂದೂ ಹೇಳಿತು. 2023ರ ಪರಿಷ್ಕರಣೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವಯಸ್ಕರಲ್ಲಿ ಸ್ಕ್ಯಾನ್ ಬದಲು ಎಎಂಎಚ್ ಎಂಬ ರಕ್ತಪರೀಕ್ಷೆ ಆದೀತು. ಆ ಹಾರ್ಮೋನನ್ನು ಸುರಿಸುವುದು ಅರ್ಧ ದಾರಿಯಲ್ಲಿ ನಿಂತ ಆ ಪುಟ್ಟ ಕೋಶಿಕೆಗಳೇ, ಆದ್ದರಿಂದ ಎಣಿಕೆಯ ಕೆಲಸವನ್ನು ರಕ್ತವೇ ಮಾಡಿಕೊಡುತ್ತದೆ. ಯಂತ್ರ ಚುರುಕಾದಷ್ಟೂ ಯಂತ್ರದ ಕೆಲಸ ಕಡಿಮೆಯಾಗುತ್ತಾ ಬಂದ ಇಂಥ ಕತೆ ವೈದ್ಯಶಾಸ್ತ್ರದಲ್ಲಿ ಎಷ್ಟಿದ್ದಾವು?

ಇಷ್ಟೆಲ್ಲ ನಾನು ಓದಿಕೊಂಡದ್ದು ಆ ದಿನದ ನಂತರ. ಆ ದಿನ ಏನಾಯಿತೆಂದರೆ, ಹುಡುಗಿ ಒಳಗೆ ಹೋಗಿ ಏಳೆಂಟು ನಿಮಿಷಕ್ಕೆ ಹೊರಬಂದು, ನನ್ನ ಮುಖವನ್ನೂ ನೋಡದೆ ಬಚ್ಚಲ ಕಡೆ ಓಡಿದಳು. ಅರ್ಧ ಗಂಟೆಗೆ ರಿಪೋರ್ಟು ಕೈಗೆ ಬಂತು. ಎರಡೂ ಅಂಡಾಶಯಗಳಲ್ಲಿ 'ಹನ್ನೆರಡಕ್ಕೂ ಹೆಚ್ಚು' ಕೋಶಿಕೆಗಳಿವೆ, ಪಾಲಿಸಿಸ್ಟಿಕ್ ಎಂದು ಬರೆದಿತ್ತು. ಆಟೋದಲ್ಲಿ ಅವಳು ಆ ಹಾಳೆಯನ್ನು ಮೂರು ಸಲ ಓದಿದಳು. "ಹನ್ನೆರಡು ಗುಳ್ಳೆ, ಚಿಕ್ಕಮ್ಮ" ಎಂದಳು. ರಾತ್ರಿ ಊಟ ಬಿಟ್ಟಳು. ಅಕ್ಕ ಫೋನಿನಲ್ಲಿ "ಮುಂದೆ ಮಕ್ಕಳಾಗುತ್ತೋ ಇಲ್ಲವೋ" ಎಂದು ಅತ್ತಳು.

ವಾರ ಬಿಟ್ಟು ಪರಿಚಯದ ಹಿರಿಯ ಸ್ತ್ರೀರೋಗ ತಜ್ಞೆಯೊಬ್ಬರ ಬಳಿ ಕರೆದುಕೊಂಡು ಹೋದೆ. ಅರುವತ್ತು ದಾಟಿದವರು. ಫಿಲ್ಮು, ರಿಪೋರ್ಟು ಎರಡನ್ನೂ ಲಕೋಟೆಯಿಂದ ತೆಗೆದು ಒಂದು ಕ್ಷಣ ನೋಡಿ ಮತ್ತೆ ಲಕೋಟೆಗೇ ಸೇರಿಸಿದರು. ಆಮೇಲೆ ಹುಡುಗಿಯನ್ನೇ ಮಾತಿಗೆ ಎಳೆದರು. "ದೊಡ್ಡೋಳಾಗಿದ್ದು ಯಾವಾಗಮ್ಮ?" ಹದಿಮೂರಕ್ಕೆ. "ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಹೊರಗಾಗಿದ್ದೀಯ, ತಾರೀಕು ಇದೆಯಾ?" ಫೋನಿನಲ್ಲಿತ್ತು. ತೂಕ ನೋಡಿದರು, ಬಿಪಿ ನೋಡಿದರು, ಗದ್ದ ಎತ್ತಿಸಿ ಬೆಳಕಿಗೆ ಹಿಡಿದರು, ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿದೆಯೇ ಎಂದು ಕೂದಲು ಸರಿಸಿ ನೋಡಿದರು. ಥೈರಾಯ್ಡು, ಸಕ್ಕರೆ, ಒಂದೆರಡು ಹಾರ್ಮೋನುಗಳ ರಕ್ತಪರೀಕ್ಷೆ ಬರೆದರು.

"ಈ ವಯಸ್ಸಿನ ಹುಡುಗೀರ ಅಂಡಾಶಯದಲ್ಲಿ ಹೀಗೆ ತುಂಬಾ ಕಾಣೋದು ಮಾಮೂಲು. ಮೊದಲ ಮುಟ್ಟು ಆಗಿ ಎಂಟು ವರ್ಷ ಕಳೆಯೋವರೆಗೆ ಪಿಸಿಓಡಿ ಅಂತ ಹೇಳೋಕೆ ಸ್ಕ್ಯಾನ್ ಮಾಡಿಸ್ಬಾರದು ಅಂತಾನೇ ಈಗಿನ ನಿಯಮ. ನಿನಗಿನ್ನೂ ಮೂರು ವರ್ಷ ಆಗಿದೆ" ಎಂದರು. "ಇರಬಹುದು, ಇಲ್ಲದೆಯೂ ಇರಬಹುದು. ರಕ್ತ ಏನು ಹೇಳುತ್ತೆ ನೋಡೋಣ."

ಹುಡುಗಿ ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹಾಗಾದ್ರೆ ಆ ಎರಡು ಬಾಟ್ಲು ನೀರು?"